ಡ್ರಿಲ್ ಮೇಷ್ಟ್ರ ‘ರನ್’ ಪಾಠ

ತಲೆ ಓಡಿಸಿ ಇಂಗ್ಲಿಷ್ ಕಲಿತವರನ್ನು ನೀವು ನೋಡಿರಬಹುದು. ಬಾಯಿಪಾಠ ಹೊಡೆದು ಕಲಿತವರನ್ನಂತೂ ದಿನಾ ನೋಡುತ್ತೀರಿ. ಕಾಲಿನಿಂದ ಕಲಿತವರನ್ನು ನೋಡಬೇಕೆಂದಿದ್ದರೆ ಮಾತ್ರ ಸೈಕಲ್ ಅಂಗಡಿಯ ಮಹಡಿ ಹತ್ತಬೇಕಾಗಿತ್ತು. ಅಲ್ಲಿ ಸಂಜೆ ಹೊತ್ತು ಡ್ರಿಲ್ ಮೇಷ್ಟ್ರು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಕೋಣೆಯಲ್ಲಿ ಬೆಂಚಿಲ್ಲ, ಕುರ್ಚಿಯಿಲ್ಲ, ಕೂರಲು ಒಂದು ಹರಕು ಚಾಪೆ ಕೂಡ ಇಲ್ಲ. ಗೋಡೆಗೊಂದು ಕರಿಹಲಗೆ, ಮೂಲೆಯಲ್ಲೊಂದು ನಲ್ಲಿ, ಮೇಷ್ಟ್ರ ಕೊರಳಲ್ಲೊಂದು ಸೀಟಿ. ಒಳಗೆ ಕಾಲಿಟ್ಟವರು ಮನೆಗೆ ಹೋಗುವವರೆಗೂ ನಿಂತೇ ಇರಬೇಕು. ನಿಂತಿರುವುದೇನು ಬಂತು, ಓಡುತ್ತಿರಬೇಕು.

ಇವರು ಮೊದಲಿನಿಂದ ಇಂಗ್ಲಿಷ್ ಮೇಷ್ಟ್ರಲ್ಲ. ಶಾಲೆಯಲ್ಲಿ ಅವರ ಪಾಲಿಗೆ ಬಂದದ್ದು ಆಟದ ಮೈದಾನ ಮತ್ತು ಬಿಸಿಲು. ಒಂದು ವರ್ಷ ಅಲ್ಲಿನ ಇಂಗ್ಲಿಷ್ ಮೇಷ್ಟ್ರು ಮದುವೆಗೆಂದು ರಜೆ ಹಾಕಿ ಹೋದವರು ಹೆಂಡತಿಯ ಊರು ಹಿಡಿಸಿ ಅಲ್ಲೇ ನಿಂತುಬಿಟ್ಟರು. ಹೆಡ್ಮಾಸ್ಟರು ಕಾರಿಡಾರಿನಲ್ಲಿ ಕಣ್ಣಿಗೆ ಬಿದ್ದ ಡ್ರಿಲ್ ಮೇಷ್ಟ್ರನ್ನು ಹಿಡಿದು, “ಒಂದು ವಾರ ಮಕ್ಕಳು ಗಲಾಟೆ ಮಾಡದ ಹಾಗೆ ನೋಡ್ಕೊಳ್ಳಿ, ಅಷ್ಟು ಸಾಕು,” ಎಂದರು. ಆ ಒಂದು ವಾರ ಮೇಷ್ಟ್ರು ನಿವೃತ್ತರಾಗುವವರೆಗೂ ಮುಗಿಯಲಿಲ್ಲ.

ಮೊದಲ ದಿನ ಅವರು ತರಗತಿಗೆ ಹೋಗಿ “ಸ್ಟ್ಯಾಂಡ್ ಅಪ್!” ಎಂದರು. ಮಕ್ಕಳು ಎದ್ದು ನಿಂತರು. ಆಮೇಲೆ ‘ಸಿಟ್ ಡೌನ್’ ಎನ್ನುವುದು ಲೋಕರೂಢಿ. ಮೇಷ್ಟ್ರು ಅದನ್ನು ಹೇಳಲೇ ಇಲ್ಲ. ಮಕ್ಕಳು ಅವರ ಮುಖ ನೋಡಿದರು, ಅವರು ಮಕ್ಕಳ ಮುಖ ನೋಡಿದರು, ಕೊನೆಗೆ ಬೇರೆ ದಾರಿ ಕಾಣದೆ “ರನ್!” ಎಂದು ಕೂಗಿದರು. ಇಡೀ ತರಗತಿ ಹೋ ಎಂದು ಮೈದಾನಕ್ಕೆ ನುಗ್ಗಿ ಒಂದು ಸುತ್ತು ಹಾಕಿ ಏದುಸಿರು ಬಿಡುತ್ತ ವಾಪಸು ಬಂತು. “ಈಗ ಏನ್ ಮಾಡಿದ್ರಿ?” ಎಂದು ಕೇಳಿದರೆ ಎಲ್ಲ ಬಾಯಿಂದಲೂ ಒಂದೇ ಉತ್ತರ: “ರನ್!” ಮಕ್ಕಳು ಅದುವರೆಗೆ ಇಂಗ್ಲಿಷಿನಲ್ಲಿ ಅಷ್ಟು ಧೈರ್ಯವಾಗಿ ಬಾಯಿ ಬಿಟ್ಟಿರಲಿಲ್ಲ. ಮೇಷ್ಟ್ರಿಗೆ ತಮ್ಮ ವಿದ್ಯೆ ಸಿಕ್ಕಿತು.

ಅವರ ಲೆಕ್ಕದಲ್ಲಿ ಇಂಗ್ಲಿಷೆಂದರೆ ಒಂದೇ ಕ್ರಿಯಾಪದ. ‘ರನ್’ ಎಂಬುದನ್ನು ಗಟ್ಟಿಯಾಗಿ ಹಿಡಿದರೆ ಉಳಿದವು ತಾವಾಗಿ ಬೆನ್ನು ಹತ್ತಿ ಬರುತ್ತವೆ ಎಂಬುದು ಅವರ ನಂಬಿಕೆ. ಇದರಲ್ಲಿ ಹುರುಳಿಲ್ಲ ಎನ್ನುವವರು ಸ್ವಲ್ಪ ಯೋಚಿಸಿ ನೋಡಲಿ. ನಮ್ಮಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ, ಮೂಗು ಸೋರುತ್ತದೆ, ಅಂಗಡಿ ನಡೆಯುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ, ಡಬ್ಬಿಯಲ್ಲಿ ಸಕ್ಕರೆ ಮುಗಿಯುತ್ತದೆ, ಚುನಾವಣೆಗೆ ನಿಲ್ಲುತ್ತಾರೆ. ಒಂದೊಂದಕ್ಕೂ ಒಂದೊಂದು ಮಾತು ಹುಡುಕಿ ಇಟ್ಟಿದ್ದೇವೆ. ಇಂಗ್ಲಿಷಿನವರಿಗೆ ಅಷ್ಟು ಪುರುಸೊತ್ತೆಲ್ಲಿ? ನೀರು, ಮೂಗು, ಅಂಗಡಿ, ಬಣ್ಣ, ಸಕ್ಕರೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಓಡಿಸಿಬಿಟ್ಟರು. ನಾವು ನಿಲ್ಲುವ ಚುನಾವಣೆಗೂ ಅವರು ಓಡುತ್ತಾರೆ. ಡ್ರಿಲ್ ಮೇಷ್ಟ್ರಿಗೆ ಇದಕ್ಕಿಂತ ಹೇಳಿ ಮಾಡಿಸಿದ ಭಾಷೆ ಇನ್ನಾವುದಿದ್ದೀತು!

ನಿವೃತ್ತರಾದ ಮೇಲೂ ಕಾಲು ಸುಮ್ಮನಿರಲಿಲ್ಲ. ಸೈಕಲ್ ಅಂಗಡಿಯವನು ಒಂದು ಕಾಲದಲ್ಲಿ ಅವರದೇ ಶಿಷ್ಯ, ಮಹಡಿಯ ಖಾಲಿ ಕೋಣೆಯನ್ನು ಬಿಟ್ಟುಕೊಟ್ಟ. ಬಂದವರಲ್ಲಿ ಬಹಳ ಮಂದಿ ಎರಡೇ ದಿನಕ್ಕೆ ಸುಸ್ತಾಗಿ ಕೈಮುಗಿದು ಹೋದರು. ಬಿಡದೆ ನಿಂತವರು ಮೂವರು. ಒಬ್ಬಳು ಟೈಲರಮ್ಮ, ಮಗಳ ಶಾಲೆಯ ಸಭೆಯಲ್ಲಿ ಟೀಚರಮ್ಮನ ಮಾತಿಗೆ ಸುಮ್ಮನೆ ತಲೆಯಾಡಿಸಿ ಸಾಕಾಗಿ ಬಂದವಳು. ಇನ್ನೊಬ್ಬ ಕ್ಷೌರದಂಗಡಿಯವನು, ಎಲ್ಲರೂ ಅವನನ್ನು ಕತ್ತರಿಯಣ್ಣ ಎನ್ನುತ್ತಿದ್ದರು. ಗಿರಾಕಿಯ ಜೊತೆ ಯಾವ ಭಾಷೆಯಲ್ಲೂ ಮಾತು ನಿಲ್ಲಬಾರದು ಎಂಬುದು ಅವನ ಹಠ. ಮೂರನೆಯವನು ಬ್ಯಾಂಕಿನ ವಾಚ್‌ಮನ್. ದಿನಾ ಯಾರಾದರೂ ಗಾಡಿ ನಿಲ್ಲಿಸುವ ಜಾಗಕ್ಕಾಗಿ ಅವನನ್ನು ಇಂಗ್ಲಿಷಿನಲ್ಲಿ ಬೈಯುತ್ತಿದ್ದರು. “ಸಾರ್, ನಂಗೆ ಹೆಚ್ಚೇನೂ ಬೇಡ. ಅವರು ಬೈದಷ್ಟೇ ಉದ್ದಕ್ಕೆ ವಾಪಸ್ ಬೈಯೋಕೆ ಬಂದ್ರೆ ಸಾಕು,” ಎಂದು ಅವನು ಮೊದಲ ದಿನವೇ ಮನಸ್ಸು ಬಿಚ್ಚಿ ಹೇಳಿದ್ದ.

ಪಾಠ ನೋಡುವಂತಿತ್ತು. ಮೇಷ್ಟ್ರು ಸೀಟಿ ಊದಿ ನಲ್ಲಿ ತಿರುಗಿಸುವರು. “ದಿ ಟ್ಯಾಪ್ ಈಸ್ ರನ್ನಿಂಗ್!” ಎಂದು ಕೂಗುತ್ತ ಎಲ್ಲರೂ ಕೋಣೆಯ ಸುತ್ತ ಓಡಬೇಕು. “ಮೈ ನೋಸ್ ಈಸ್ ರನ್ನಿಂಗ್!” ಎಂದರೆ ಓಡುತ್ತಲೇ ಮೂಗು ಒರೆಸಿಕೊಳ್ಳಬೇಕು. “ಐ ರನ್ ಎ ಶಾಪ್!” ಎಂದಾಗ ಟೈಲರಮ್ಮ ಇಲ್ಲದ ಹೊಲಿಗೆ ಯಂತ್ರವನ್ನು ತುಳಿಯುತ್ತ, ಕತ್ತರಿಯಣ್ಣ ಗಾಳಿಯಲ್ಲಿ ಕೂದಲು ಕತ್ತರಿಸುತ್ತ ಓಡುವರು. ಸ್ವಂತ ಅಂಗಡಿಯಿಲ್ಲದ ವಾಚ್‌ಮನ್ ಇಬ್ಬರಿಗೂ ಸಲಾಮು ಹೊಡೆಯುತ್ತ ಹಿಂದೆ ಓಡುವನು. “ವಿ ರನ್ ಔಟ್ ಆಫ್ ಶುಗರ್!” ಎನ್ನುವ ಸಾಲಿಗೆ ಇಲ್ಲದ ಡಬ್ಬಿಯನ್ನು ಬೋರಲು ಹಾಕಿ, ಬಾಗಿಲು ದಾಟಿ, ಮೆಟ್ಟಿಲಿಳಿದು ಬೀದಿಗೆ ಹೋಗಿ ಮತ್ತೆ ಹತ್ತಿ ಬರಬೇಕು. ಕೆಳಗೆ ಸೈಕಲ್ ಅಂಗಡಿಯವನ ಚಹಾದ ಲೋಟಕ್ಕೆ ಮಹಡಿಯ ಸುಣ್ಣ ಉದುರುತ್ತಿತ್ತು. ಅವನು ಅಂಗೈಯಿಂದ ಲೋಟ ಮುಚ್ಚಿಕೊಂಡು, “ಶುರುವಾಯ್ತಪ್ಪ ಇವರ ಶುಗರ್ರು,” ಎಂದು ಗೊಣಗುತ್ತಿದ್ದ.

ಮೇಷ್ಟ್ರ ಹೆಂಡತಿಗೆ ಈ ಕುಣಿತ ಕಂಡರೆ ನಗು. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಒಂದೇ ಸ್ಟೂಲಿನ ಮೇಲೆ ಕೂತು ಅರ್ಧ ಆಯಸ್ಸು ಕಳೆದಿದ್ದರು. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳು ಕೆಲವೇ, ಆದರೆ ಒಂದನ್ನೂ ಉಸಿರು ಕಟ್ಟಿ ಹೇಳುತ್ತಿರಲಿಲ್ಲ. “ನಿಮ್ಮದು ಮೈದಾನದ ಇಂಗ್ಲಿಷು, ನಂದು ಸ್ಟೂಲಿನ ಇಂಗ್ಲಿಷು. ನನ್ನದಕ್ಕೆ ಬೆವರಿಲ್ಲ,” ಎಂದು ಗಂಡನನ್ನು ಛೇಡಿಸುತ್ತಿದ್ದರು. “ಕೂತ್ಕೊಂಡು ಕಲಿತದ್ದು ಕೂತಲ್ಲೇ ಉಳಿಯುತ್ತೆ ಕಣೇ,” ಎಂದು ಮೇಷ್ಟ್ರು ತಿರುಗೇಟು ಕೊಡುವರು. ಇವರಿಬ್ಬರ ಜಗಳವೆಂದರೆ ಇಷ್ಟೇ, ಚಹಾ ಆರುವುದರೊಳಗೆ ಮುಗಿಯುತ್ತಿತ್ತು.

ಕೈಕೊಟ್ಟದ್ದು ಮಂಡಿ. ಮೊದಲು ಮೆಟ್ಟಿಲು ಇಳಿಯುವಾಗ ಕಟಕ್ ಎಂದಿತು, ಆಮೇಲೆ ಹತ್ತುವಾಗಲೂ ಎಂದಿತು, ಕಡೆಕಡೆಗೆ ಸುಮ್ಮನೆ ಮಲಗಿದ್ದರೂ ಎನ್ನತೊಡಗಿತು. ಮೇಷ್ಟ್ರು ಕ್ಯಾರೆ ಎನ್ನಲಿಲ್ಲ. ಹೆಂಡತಿ ಬೆನ್ನು ಬಿಡದೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಒಂದು ಸಲ ಫೋಟೋ ನೋಡಿ, ಒಂದು ಸಲ ಮೇಷ್ಟ್ರನ್ನು ನೋಡಿದರು.

“ಇದರ ಮೇಲೆ ನೀವು ನಡೀತಿದ್ದೀರಾ?”

“ಓಡ್ತಿದ್ದೀನಿ,” ಎಂದರು ಮೇಷ್ಟ್ರು, ಹೆಮ್ಮೆಯಿಂದ.

“ಇನ್ನು ಆಗಲ್ಲ. ಎರಡೂ ಮಂಡಿ ಬದಲಾಯಿಸ್ಬೇಕು. ಆಮೇಲೂ ಓಟ ಅನ್ನೋದನ್ನ ಮರೆತುಬಿಡಿ. ನಡೀಬಹುದು, ಆರಾಮಾಗಿ. ಪಾಠ ಬೇಕಾದ್ರೆ ಕುರ್ಚಿ ಮೇಲೆ ಕೂತು ಮಾಡಿ, ಯಾರು ಬೇಡ ಅಂತಾರೆ?”

“ಕೂತು?” ಎಂದು ಮೇಷ್ಟ್ರು ಕೇಳಿದ ರೀತಿ ನೋಡಿದರೆ ಡಾಕ್ಟರು ತಲೆಕೆಳಗಾಗಿ ನಿಂತು ಪಾಠ ಮಾಡಲು ಹೇಳಿದ್ದಾರೆ ಎನ್ನಬೇಕು. ಮನೆಗೆ ಬಂದವರೇ ಎಕ್ಸ್‌ರೇಯನ್ನು ಬೀರುವಿನ ಹಿಂದೆ ತುರುಕಿದರು. ಆಪರೇಷನ್ ಎಂದರೆ ಭಯವೇ ಎಂದು ಹೆಂಡತಿ ಕೇಳಿದಾಗ ಅದಕ್ಕಲ್ಲ ಎಂದರು, ಮತ್ಯಾವುದಕ್ಕೆ ಎಂದಾಗ ಸೀಟಿ ಕೊರಳಿಗೆ ಹಾಕಿಕೊಂಡು ಮಹಡಿಯ ಕಡೆ ಹೊರಟರು.

ಕೊನೆಗೆ ಮಂಡಿಯೇ ತೀರ್ಮಾನ ಮಾಡಿತು. ಒಂದು ಸಂಜೆ ‘ರನ್ ಇಂಟು’ ಪಾಠ. ದಾರಿಯಲ್ಲಿ ಹಳೆಯ ಪರಿಚಯದವರು ಅಚಾನಕ್ ಎದುರಾದರೆ ಹೀಗೆನ್ನುತ್ತಾರೆ. ಇಬ್ಬಿಬ್ಬರು ಎದುರುಬದುರಿನ ಗೋಡೆಯಿಂದ ಓಡಿ ಬಂದು, ನಡುವೆ ಭುಜಕ್ಕೆ ಭುಜ ತಾಗಿಸಿ, “ಓ! ಐ ರ‍್ಯಾನ್ ಇಂಟು ಯೂ!” ಎಂದು ಆಶ್ಚರ್ಯಪಡಬೇಕು. ವಾಚ್‌ಮನ್ ಎದುರು ಮೇಷ್ಟ್ರೇ ನಿಂತರು. ಓಡಿ ಬಂದರು, ಭುಜ ತಾಗಿಸಿದರು, ‘ಓ’ ಎಂದರು. ಆ ‘ಓ’ ಬರಬರುತ್ತ ಉದ್ದವಾಗಿ, ಮೇಷ್ಟ್ರು ಕರಿಹಲಗೆಯ ಬುಡದಲ್ಲಿ ಕುಸಿದರು. ಮೂವರೂ ಅದನ್ನು ಪಾಠವೆಂದೇ ತಿಳಿದು, “ಓ…” ಎಂದು ನೆಲಕ್ಕೆ ಬಿದ್ದರು. ಟೈಲರಮ್ಮ ಸೀರೆ ಸರಿಮಾಡಿಕೊಂಡು ಬೀಳುವುದಕ್ಕೆ ಸ್ವಲ್ಪ ತಡವಾಯಿತು, ಅಷ್ಟೆ. ಮೇಷ್ಟ್ರ ಕಣ್ಣಲ್ಲಿ ನೀರು ಕಂಡ ಮೇಲೆಯೇ ವಿಷಯ ಗೊತ್ತಾದದ್ದು. ಕತ್ತರಿಯಣ್ಣ ಮತ್ತು ವಾಚ್‌ಮನ್ ಕೈಗೆ ಕೈ ಹೆಣೆದು ಅವರನ್ನು ಹೊತ್ತು ಮೆಟ್ಟಿಲಿಳಿಸಿದರು. ಸೈಕಲ್ ಅಂಗಡಿಯವನು ಮೊದಲ ಸಲ ಗೊಣಗದೆ ಎದ್ದು ನಿಂತ.

ಆಪರೇಷನ್ ಚೆನ್ನಾಗಿಯೇ ಆಯಿತು. ಹೊಸ ಮಂಡಿಗಳ ಜೊತೆ ಮನೆಗೆ ಬಂದ ಮೇಷ್ಟ್ರನ್ನು ಹೆಂಡತಿ ಹಜಾರದಲ್ಲಿ ಕಿಟಕಿಯ ಪಕ್ಕ, ಕೈಯಿರುವ ಕುರ್ಚಿಯಲ್ಲಿ ಕೂರಿಸಿದರು. ಮೂವರು ಶಿಷ್ಯರೂ ಹಣ್ಣು ಹಿಡಿದು ಬಂದರು. “ಸಾರ್, ಇಲ್ಲೇ ಪಾಠ ಶುರುಮಾಡೋಣ. ನಾವು ನಿಂತಿರ್ತೀವಿ, ನೀವು ಕೂತ್ಕೊಳ್ಳಿ,” ಎಂದ ಕತ್ತರಿಯಣ್ಣ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು, ಸೀಟಿ ಊದಿದರು, ಬಾಯಿ ತೆರೆದರು.

ಏನೂ ಬರಲಿಲ್ಲ.

ಇನ್ನೊಮ್ಮೆ ತೆರೆದರು. ‘ದಿ’ ಎಂದರು. ದಿ ಏನು? ನಲ್ಲಿಯೋ ಮೂಗೋ ಅಂಗಡಿಯೋ ಒಂದೂ ನೆನಪಾಗಲಿಲ್ಲ. ಸಾವಿರ ಸಲ ಕೂಗಿದ ಸಾಲುಗಳು ಎಲ್ಲೋ ಕಾಲಿನ ಬುಡದಲ್ಲಿ ಉಳಿದು ಮೇಲೇರಲು ಒಲ್ಲೆ ಎನ್ನುತ್ತಿದ್ದವು. ಹಣೆ ಬೆವೆತಿತು. ಅಂಗೈ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಟೈಲರಮ್ಮ ನೆನಪು ಮಾಡಿಕೊಡಲು, “ಸಾರ್, ಟ್ಯಾಪು…” ಎಂದಳು ಮೆಲ್ಲಗೆ. ಆ ಮೆಲ್ಲನೆಯ ದನಿಯನ್ನೇ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

“ಪಾಠ ಮುಗೀತು,” ಎಂದರು. “ಇವತ್ತಿಗಲ್ಲ, ಪೂರ್ತಿ ಮುಗೀತು. ಮಹಡಿ ಕೋಣೆ ಸೈಕಲ್ ಅಂಗಡಿಯವನಿಗೇ ಬಿಟ್ಟುಕೊಡ್ತೀನಿ, ಟಯರ್ ಇಟ್ಕೊಳ್ಳಲಿ. ನೀವು ಬೇರೆ ಯಾರ ಹತ್ರಾನಾದ್ರೂ ಕಲೀರಿ. ಕೂತು ಕಲಿಸೋರು ಬೇಕಾದಷ್ಟು ಜನ ಇದ್ದಾರೆ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಣ್ಣಿನ ಚೀಲ ಮೇಜಿನ ಮೇಲಿಟ್ಟು, ಚಪ್ಪಲಿ ಸದ್ದಾಗದ ಹಾಗೆ ಹೊರಟುಹೋದರು.

ಮಾರನೆಯ ದಿನ ಹೆಂಡತಿ ತರಕಾರಿ ಹೆಚ್ಚುತ್ತ ಗಂಡನ ಎದುರು ಕೂತರು. “ಏನ್ರೀ, ಕೂತು ಮಾತಾಡೋದು ಏನ್ ಮಹಾ ವಿದ್ಯೆ? ನಾನು ಮೂವತ್ತು ವರ್ಷ ಅದನ್ನೇ ಮಾಡಿದೀನಿ. ಬನ್ನಿ, ಕಲಿಸ್ತೀನಿ. ಕಣ್ಮುಚ್ಚಿ. ಕಿವೀಲಿ ಯಾರೋ ಇದ್ದಾರೆ ಅಂದ್ಕೊಳ್ಳಿ. ಉಸಿರು ಬಿಡಿ. ಹೇಳಿ, ಹೋಲ್ಡ್ ದಿ ಲೈನ್ ಪ್ಲೀಸ್.”

ಮೇಷ್ಟ್ರು ಕಣ್ಣು ಮುಚ್ಚಿದರು. ಉಸಿರು ಬಿಟ್ಟರು. “ಹೋಲ್ಡ್…” ಎಂದರು, ಕಾಲ್ಬೆರಳುಗಳು ಚಾದರದೊಳಗೆ ಮಿಡುಕಿದವು, ಮಾತು ಅಲ್ಲಿಗೇ ಕಡಿಯಿತು.

“ಅಲ್ಲಾ, ಎಕ್ಸ್‌ಚೇಂಜಿಗೆ ಹೊಸದಾಗಿ ಸೇರಿದ ಹುಡುಗೀರೂ ಮೊದಲ ದಿನಾನೇ ಇಷ್ಟು ಹೇಳ್ತಿದ್ರು!”

“ನಿನ್ನ ಹುಡುಗೀರ ಪುರಾಣ ಸಾಕು ಮಾಡೇ!” ಎಂದು ಮೇಷ್ಟ್ರು ಗದರಿದರು. ಅವರು ಹೆಂಡತಿಯ ಮೇಲೆ ಹಾಗೆ ದನಿಯೆತ್ತಿದ್ದೇ ಇಲ್ಲ. ಆಕೆ ಅರ್ಧ ಹೆಚ್ಚಿದ ಬೀನ್ಸನ್ನು ಹಾಗೇ ತಟ್ಟೆಯಲ್ಲಿ ಬಿಟ್ಟು ಗಂಡನನ್ನು ನೋಡಿದರು. ಗದರಿದ ಮನುಷ್ಯನ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಪಾಠ ಹೋದರೆ ಇವರೂ ಹೋದ ಹಾಗೆಯೇ ಎಂದು ಆಕೆಗೆ ಆಗ ಅರ್ಥವಾಯಿತು. ಛೇಡಿಸುವುದನ್ನು ಅಂದಿನಿಂದ ನಿಲ್ಲಿಸಿದರು. ಮೇಷ್ಟ್ರಿಗೆ ಅದು ಇನ್ನೂ ಕಷ್ಟವಾಯಿತು.

ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ನೋಡಲು ಕಡ್ಡಿಯ ಹಾಗಿದ್ದರೂ ಗಂಟಲು ಮಾತ್ರ ಮೈದಾನಕ್ಕೆ ತಕ್ಕದ್ದು. ನಾಲ್ಕು ಕಾಲಿನ ವಾಕರನ್ನು ಮೇಷ್ಟ್ರ ಮುಂದೆ ಕುಟ್ಟಿ ನಿಲ್ಲಿಸಿ, “ಎದ್ದೇಳಿ ಅಂಕಲ್. ಬೆನ್ನು ನೆಟ್ಟಗೆ. ಎಡಗಾಲು ಮುಂದೆ!” ಎಂದು ಆಜ್ಞೆ ಮಾಡುವಳು. ಊರಿಗೆಲ್ಲ ಡ್ರಿಲ್ ಮಾಡಿಸಿದ ಮನುಷ್ಯನಿಗೆ ಈಗ ಡ್ರಿಲ್ ಮಾಡಿಸುವವರು ಸಿಕ್ಕಿದ್ದರು. ಮೇಷ್ಟ್ರು ಹಲ್ಲು ಕಚ್ಚಿ ಎದ್ದು, ಕುರ್ಚಿಯಿಂದ ಅಡುಗೆಮನೆಯ ಬಾಗಿಲಿನ ಕಡೆ ಹೆಜ್ಜೆ ಹಾಕುವರು. ಒಂದು ದಿನ ನೋವು ಜೀವ ಹಿಂಡುವಾಗ ಆ ಹುಡುಗಿ, “ನಿಲ್ಲಬೇಡಿ, ಇನ್ನೊಂದು ಸುತ್ತು,” ಎಂದಳು. ಮೇಷ್ಟ್ರು ವಾಕರನ್ನು ನೆಲಕ್ಕೆ ಕುಟ್ಟಿ ಗರ್ಜಿಸಿದರು:

“ಯೂ ಆರ್ ರನ್ನಿಂಗ್ ಮಿ ಇಂಟು ದಿ ಗ್ರೌಂಡ್!”

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದರು. ಮೇಷ್ಟ್ರು ಇನ್ನೊಂದು ಹೆಜ್ಜೆ ಇಟ್ಟರು. “ಐ ಆಮ್ ರನ್ನಿಂಗ್ ಔಟ್ ಆಫ್ ಪೇಷೆನ್ಸ್!” ಮತ್ತೊಂದು ಹೆಜ್ಜೆ. “ಮೈ ಬ್ಲಡ್ ಈಸ್ ರನ್ನಿಂಗ್ ಹಾಟ್!” ಹುಡುಗಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಓಡಿಸಿ ಓಡಿಸಿ ನೆಲ ಕಚ್ಚಿಸುತ್ತಿದ್ದೀಯ, ತಾಳ್ಮೆ ಮುಗಿಯಿತು, ರಕ್ತ ಕುದಿಯುತ್ತಿದೆ ಎಂದು ಅವಳನ್ನು ಅಷ್ಟು ಚೆಂದದ ಇಂಗ್ಲಿಷಿನಲ್ಲಿ ಯಾವ ರೋಗಿಯೂ ಬೈದಿರಲಿಲ್ಲ.

“ನಿಲ್ಲಿಸಬೇಡಮ್ಮಾ, ಇನ್ನೊಂದು ಸುತ್ತು ಹೊಡೆಸು!” ಎಂದರು ಹೆಂಡತಿ.

ಹುಡುಗಿ ಹೋದ ಮೇಲೆ ಆಕೆ ಕೈ ಒರೆಸಿಕೊಂಡು ಫೋನಿನ ಹತ್ತಿರ ಕೂತರು. ಎಕ್ಸ್‌ಚೇಂಜಿನ ಹೆಣ್ಣುಮಗಳು ಫೋನು ಹಿಡಿದರೆ ಕೇಳಬೇಕೇ. ಟೈಲರಮ್ಮನನ್ನು ಹೊಲಿಗೆ ಮಿಷಿನ್ನಿನಿಂದ ಏಳಿಸಿದರು, ಕತ್ತರಿಯಣ್ಣನನ್ನು ಗಿರಾಕಿಯ ಅರ್ಧ ಗಡ್ಡದಲ್ಲಿ ನಿಲ್ಲಿಸಿದರು, ವಾಚ್‌ಮನ್‌ಗೆ ಬ್ಯಾಂಕಿನ ನಂಬರಿಗೇ ಫೋನು ಮಾಡಿ ಮ್ಯಾನೇಜರ ಕೈಯಿಂದ ಅವನನ್ನು ಕರೆಸಿದರು. “ಸಂಜೆ ಬನ್ನಿ. ಹಣ್ಣು ತರಬೇಡಿ, ಮೊದಲು ತಂದದ್ದೇ ಕೊಳೀತಾ ಇದೆ. ನಡೆಯೋಕೆ ಸರಿಯಾದ ಚಪ್ಪಲಿ ಹಾಕ್ಕೊಂಡು ಬನ್ನಿ,” ಎಂದರು.

ಆ ಸಂಜೆಯಿಂದ ಬೀದಿಯಲ್ಲಿ ಹೊಸ ತಮಾಷೆ. ಮುಂದೆ ವಾಕರ್ ಹಿಡಿದ ಮೇಷ್ಟ್ರು, ಅವರ ಹಿಂದೆ ಸಾಲಾಗಿ ಟೈಲರಮ್ಮ, ಕತ್ತರಿಯಣ್ಣ, ವಾಚ್‌ಮನ್, ಎಲ್ಲರಿಗಿಂತ ಹಿಂದೆ ಮೇಷ್ಟ್ರ ಹೆಂಡತಿ. ವಾಕರ್ ಟಕ್ ಎಂದರೆ ಒಂದು ಹೆಜ್ಜೆ, ಹೆಜ್ಜೆಗೊಂದು ಸಾಲು. “ದಿ ರೋಡ್ ರನ್ಸ್ ಪಾಸ್ಟ್ ದಿ ಬ್ಯಾಂಕ್!” ಟಕ್. “ದಿ ಬಸ್ ಈಸ್ ರನ್ನಿಂಗ್ ಲೇಟ್!” ಟಕ್. ಬಾಗಿಲಲ್ಲಿ ನಿಂತವರು ನಕ್ಕರು. ಒಂದು ಬೀದಿ ನಾಯಿ ಇವರ ವೇಗ ನೋಡಿ ಬೇಸತ್ತು ಮುಂದೆ ಹೋಗಿ ಮಲಗಿತು. ಓಟದ ಪಾಠವನ್ನು ಇಷ್ಟು ನಿಧಾನವಾಗಿ ಯಾರೂ ಯಾವ ಕಾಲದಲ್ಲೂ ಮಾಡಿರಲಾರರು.

ಮೇಷ್ಟ್ರಿಗೆ ಮಾತು ಮರಳಿತು ನಿಜ, ಆದರೆ ಹೆಜ್ಜೆ ಹಾಕುವಾಗ ಮಾತ್ರ. ಮನೆಗೆ ಬಂದು ಕುರ್ಚಿಗೆ ಕೂತರೆ ಮತ್ತೆ ಬಾಯಿಗೆ ಬೀಗ. ಹೊಸ ಮಂಡಿ ಎಷ್ಟು ಹೊತ್ತು ನಡೆದೀತು? ಒಂದು ಬೀದಿ ದಾಟುವುದರೊಳಗೆ ಸೋಲುತ್ತಿತ್ತು. ಅಷ್ಟರಲ್ಲಿ ಎಂಥ ಪಾಠ ಆದೀತು? ಇದು ಕಾಲೆಳೆದುಕೊಂಡು ನಡೆಯುವ ಕೆಲಸವೇ ಹೊರತು ಪಾಠವಲ್ಲ ಎಂದು ಅವರಿಗೆ ಗೊತ್ತಿತ್ತು. ತಿಂಗಳ ಕೊನೆಗೆ ಟಯರಿನ ಲಾರಿ ಬರುತ್ತದೆ ಎಂದು ಸೈಕಲ್ ಅಂಗಡಿಯವನು ಸಂಕೋಚದಿಂದ ಹೇಳಿ ಕಳಿಸಿದ್ದ. ಮೇಷ್ಟ್ರು ಕೋಣೆ ಕೊಡುವುದಿಲ್ಲ ಎಂದಿರಲಿಲ್ಲ.

ಒಂದು ವ್ಯತ್ಯಾಸ ಮಾತ್ರ ಆಗಿತ್ತು. ಮಹಡಿಯ ಮೇಲೆ ಓಡುವಾಗ ಶಿಷ್ಯರಿಗೆ ಕೂಗಲು ಉಸಿರಿತ್ತೇ ಹೊರತು ಕೇಳಲು ಉಸಿರಿರಲಿಲ್ಲ. ಈ ಆಮೆ ನಡಿಗೆಯಲ್ಲಿ ಒಂದು ಟಕ್ಕಿಗೂ ಇನ್ನೊಂದು ಟಕ್ಕಿಗೂ ನಡುವೆ ಬೇಕಾದಷ್ಟು ಜಾಗ. ಅವರು ಪ್ರಶ್ನೆ ಕೇಳತೊಡಗಿದರು, ಹರಕುಮುರುಕು ಇಂಗ್ಲಿಷಿನಲ್ಲೇ. ಇವರಿಗೆ ಇಷ್ಟೆಲ್ಲ ಮಾತು ಬರುತ್ತದೆ ಎಂದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಸೀಟಿ ಊದುತ್ತ ಮುಂದೆ ಓಡುವವನ ಕಿವಿಗೆ ಹಿಂದಿನವರ ಮಾತು ಬೀಳುವುದು ಹೇಗೆ ಹೇಳಿ.

ಹಾಗೊಂದು ಸಂಜೆ ಮೆರವಣಿಗೆ ಕ್ಷೌರದಂಗಡಿಯ ಹತ್ತಿರ ಬಂದಾಗ ಟೈಲರಮ್ಮ ಕೇಳಿದಳು, “ಸಾರ್, ವೈ ಯು ನೆವರ್ ಟೆಲ್ ಅಸ್ ಸಿಟ್?”

ಮೇಷ್ಟ್ರ ವಾಕರು ಟಕ್ ಎನ್ನದೆ ಗಾಳಿಯಲ್ಲೇ ನಿಂತಿತು. ಮೂವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹೆಂಡತಿಯೂ ಕೇಳಿರಲಿಲ್ಲ, ಗಂಡನ ಹುಚ್ಚು ಎಂದುಕೊಂಡು ಸುಮ್ಮನಿದ್ದರು. ಮೇಷ್ಟ್ರು ಇಂಗ್ಲಿಷಿನಲ್ಲೇ ಶುರುಮಾಡಿದರು.

“ವೆನ್ ಐ ವಾಸ್ ಎ ಬಾಯ್,” ಎಂದರು, ಒಂದು ಹೆಜ್ಜೆ ಇಟ್ಟರು. ತಾವು ಹುಡುಗರಾಗಿದ್ದಾಗ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಆಗಿನ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸುತ್ತಿದ್ದರು ಎಂದರು. ಇನ್ನೊಂದು ಹೆಜ್ಜೆ. ಎಲ್ಲರೂ ಕೂತಿರುತ್ತಾರೆ, ನಾನೊಬ್ಬನೇ ನಿಂತಿರುತ್ತೇನೆ, ಬಾಯಿ ತೆರೆದರೆ ಒಂದಕ್ಷರ ಬರುವುದಿಲ್ಲ, ಎಲ್ಲರೂ ನೋಡುತ್ತಿರುತ್ತಾರೆ ಎಂದರು. ಕಾಲು ನಡುಗತೊಡಗಿತ್ತು. ಅದನ್ನು ಮೊದಲು ಕಂಡವನು ಕತ್ತರಿಯಣ್ಣ. ಗಿರಾಕಿಯ ಕುತ್ತಿಗೆ ಎತ್ತ ವಾಲುತ್ತದೆ ಎಂದು ನೋಡುವುದೇ ಕಸುಬಾದವನು ಅವನು. ಸದ್ದಿಲ್ಲದೆ ಅಂಗಡಿಯೊಳಗೆ ಹೋಗಿ ಒಂದು ಕುರ್ಚಿ ತಂದು ಮೇಷ್ಟ್ರ ಹಿಂದೆ ಇಟ್ಟ. ಟೈಲರಮ್ಮ ಅವರ ತೋಳು ಹಿಡಿದಳು. ಮೇಷ್ಟ್ರು ಮಾತಿನ ಭರದಲ್ಲಿದ್ದರು.

“ಒನ್ ಡೇ ಐ ರ‍್ಯಾನ್,” ಎಂದರು, ಎನ್ನುತ್ತಲೇ ಕುರ್ಚಿಗಿಳಿದು ಒರಗಿದರು. “ಔಟ್ ಆಫ್ ದಿ ಕ್ಲಾಸ್. ಓವರ್ ದಿ ವಾಲ್. ಐ ರ‍್ಯಾನ್ ಅಂಡ್ ಐ ರ‍್ಯಾನ್.” ಆ ಓಟವನ್ನು ಕಂಡ ಆ ಶಾಲೆಯ ಡ್ರಿಲ್ ಮೇಷ್ಟ್ರು ಬೈಯಲಿಲ್ಲ, ಮರುದಿನದಿಂದ ತಮ್ಮ ಓಟದ ತಂಡಕ್ಕೆ ಸೇರಿಸಿಕೊಂಡರು. ಬದುಕು ಅಲ್ಲಿಂದ ದಾರಿ ಹಿಡಿಯಿತು. ಆದರೆ ಎಷ್ಟೋ ವರ್ಷದ ಮೇಲೆ ಹೆಡ್ಮಾಸ್ಟರು ಮತ್ತೆ ಇಂಗ್ಲಿಷ್ ತರಗತಿಗೇ ದೂಡಿದಾಗ ಹಳೆಯ ಹೆದರಿಕೆ ಬಾಗಿಲಲ್ಲೇ ಎದುರಾಯಿತು. ಮಕ್ಕಳನ್ನು ಕೂರಿಸಿದರೆ ನಾಳೆ ಒಬ್ಬೊಬ್ಬರನ್ನೇ ಎಬ್ಬಿಸಬೇಕಾಗುತ್ತದೆ. ಎಲ್ಲರೂ ನಿಂತೇ ಇದ್ದರೆ ಯಾವ ಮಗುವೂ ಒಂಟಿಯಾಗಿ ನಿಲ್ಲುವ ಹಾಗಿಲ್ಲವಲ್ಲ. “ಸೋ ಐ ಸೆಡ್, ಎವರಿಬಡಿ ಸ್ಟ್ಯಾಂಡ್. ಎವರಿಬಡಿ ರನ್. ನೋಬಡಿ ಅಲೋನ್.”

ಉದಾಹರಣೆಗೆ ಕಟ್ಟಿದ ಸಾಲುಗಳಲ್ಲ ಅವು. ಅಲ್ಲಲ್ಲಿ ವ್ಯಾಕರಣ ತಪ್ಪಿತು, ಮಾತು ತಡೆಯಿತು, ಮತ್ತೆ ಹರಿಯಿತು. ಹೆಂಡತಿ ಕ್ಷೌರದಂಗಡಿಯ ಮೆಟ್ಟಿಲ ಬಳಿ ಹಾಗೇ ನಿಂತುಬಿಟ್ಟಿದ್ದರು. ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದರೂ ಆ ಹುಡುಗನ ವಿಷಯ ಆಕೆಗೆ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು. ಕಣ್ಣು ಒರೆಸಿಕೊಳ್ಳುವಾಗಲೇ ಇನ್ನೊಂದು ಸಂಗತಿ ಆಕೆಗೆ ಹೊಳೆಯಿತು, ಒರೆಸುವ ಕೈ ಅಲ್ಲೇ ನಿಂತಿತು.

ವಾಚ್‌ಮನ್‌ಗೂ ಅದೇ ಹೊತ್ತಿಗೆ ಹೊಳೆಯಿತು. ಅವನ ಮುಖ ಅರಳಿತು. “ಸಾರ್! ಸಾರ್, ನೀವು ಕೂತ್…” ಎನ್ನುವಷ್ಟರಲ್ಲಿ ಟೈಲರಮ್ಮ ಅವನ ಪಾದದ ಮೇಲೆ ಬಲವಾಗಿ ತುಳಿದಳು.

“ವಾಟ್?” ಎಂದರು ಮೇಷ್ಟ್ರು.

“ನಥಿಂಗ್ ಸಾರ್,” ಎಂದ ವಾಚ್‌ಮನ್, ನೋವು ನುಂಗಿಕೊಂಡು. “ಯು ಟೆಲ್. ವಿ ಲಿಸನ್.”

ಮೇಷ್ಟ್ರು ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿ, ಗೋಡೆ ಹಾರಿದ ಹುಡುಗನ ಕಾಲಿಗೆ ಏನು ಚುಚ್ಚಿತು, ಮನೆಯಲ್ಲಿ ಎಂಥ ಸುಳ್ಳು ಹೇಳಿದ ಎಂಬುದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ಕಾಲ ಮೇಲಿದ್ದ ಕೈ ಎದ್ದು ಗಾಳಿಯಲ್ಲಿ ಆ ಗೋಡೆಯನ್ನು ಬರೆಯಿತು. ಕತ್ತರಿಯಣ್ಣ ಕೈಕಟ್ಟಿ ಕೇಳಿದ. ಅಂಗಡಿಯೊಳಗಿನ ಗಿರಾಕಿ ಮುಖದ ನೊರೆಯ ಸಮೇತ ಬಾಗಿಲಿಗೆ ಬಂದು ಕೇಳಿದ. ಹೆಂಡತಿ ಮೆಲ್ಲನೆ ಹತ್ತಿರ ಬಂದು, ಗಂಡನ ಕಣ್ಣಿಗೆ ಬಿದ್ದರೆ ಎಲ್ಲಿ ನೆನಪಾಗಿ ಎದ್ದುಬಿಡುತ್ತಾರೋ ಎಂದು ವಾಕರನ್ನು ಕಾಲಿನಿಂದ ಒಂದಿಷ್ಟೇ ಒಂದಿಷ್ಟೇ ತಳ್ಳಿ ಕುರ್ಚಿಯ ಹಿಂದಕ್ಕೆ ಸರಿಸಿದರು. ಆಮೇಲೆ ಮೆಟ್ಟಿಲ ಮೇಲೆ ಕೂತು, ಗಂಡನ ಇಂಗ್ಲಿಷ್ ಕೇಳತೊಡಗಿದರು.